ಒತ್ತಕ್ಷರಕ್ಕೂ ಒಂದಿಷ್ಟು ಜಾಗ ಕೊಡಿ

ನಮ್ಮ ಕಾಲೇಜಿನ ಯಾವುದೇ ಫೆಸ್ಟ್ ಪೋಸ್ಟರ್ ತಗೊಳ್ಳಿ. ಇಂಗ್ಲಿಷ್ ಟೈಟಲ್‌ಗೆ ಮೂರು ದಿನ ಕೂತು ಫಾಂಟ್ ಹುಡುಕಿರ್ತಾರೆ. ಅದಕ್ಕೆ ನೆರಳು, ಬಣ್ಣ, ಅಕ್ಷರಗಳ ನಡುವೆ ಎಷ್ಟು ಗ್ಯಾಪ್ ಇರಬೇಕು ಅನ್ನೋ ಚರ್ಚೆ, ಎಲ್ಲಾ ಆಗಿರತ್ತೆ. ಕನ್ನಡದ ಸಾಲು ಮಾತ್ರ ಪ್ರಿಂಟ್‌ಗೆ ಕಳಿಸೋ ಹಿಂದಿನ ರಾತ್ರಿ ನೆನಪಾಗತ್ತೆ. ಯಾವ ಫಾಂಟ್ ಮೊದಲು ಸಿಕ್ಕಿತೋ ಅದು. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ಗುದ್ದುತ್ತಿರುತ್ತವೆ. ಆಮೇಲೆ ಯಾರಾದರೂ ಒಬ್ಬರು ಹೇಳ್ತಾರೆ: "ಕನ್ನಡ ಹಾಕಿದ್ರೆ ಒಂಥರಾ ಲೋಕಲ್ ಲುಕ್ ಬರತ್ತೆ, ಬಿಡ್ರೋ." ಮುಂದಿನ ವರ್ಷ ಆ ಒಂದು ಸಾಲೂ ಇರಲ್ಲ.

ಈ ಮಾತನ್ನ ನಾನು ಒಪ್ಪಲ್ಲ. ಕನ್ನಡ ಲಿಪಿ ಚೆನ್ನಾಗಿ ಕಾಣದೇ ಇರೋದಕ್ಕೆ ಕಾರಣ ಲಿಪಿ ಅಲ್ಲ. ಯಾವ ಕೆಲಸಕ್ಕೆ ಯಾವ ಫಾಂಟ್ ಅನ್ನೋ ಪ್ರಶ್ನೆಯನ್ನ ನಾವು ಇಂಗ್ಲಿಷ್‌ಗೆ ಮಾತ್ರ ಕೇಳ್ತೀವಿ, ಕನ್ನಡಕ್ಕೆ ಕೇಳೋದೇ ಇಲ್ಲ. ಅದನ್ನ ಒಂದು ನಿಜವಾದ ಫಾಂಟ್ ಇಟ್ಟುಕೊಂಡೇ ಹೇಳ್ತೀನಿ. ಅದರ ಹೆಸರು ಟೈರೋ ಕನ್ನಡ.

ಪೆನ್ನಿನ ನೆನಪು ಇರೋ ಫಾಂಟ್

ಮೊದಲು ಇಂಗ್ಲಿಷ್‌ನಿಂದ ಶುರು ಮಾಡೋಣ, ಯಾಕಂದ್ರೆ ನಮಗೆಲ್ಲ ಅದೇ ಅಭ್ಯಾಸ. ರಿಪೋರ್ಟ್‌ಗೆ ಟೈಮ್ಸ್ ನ್ಯೂ ರೋಮನ್, 12 ಪಾಯಿಂಟ್. ಇದು 1932ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೋಸ್ಕರ ಮಾಡಿದ ಫಾಂಟ್. ಪೇಪರಿನ ಇಕ್ಕಟ್ಟಾದ ಕಾಲಮ್ಮಿನಲ್ಲಿ ಜಾಸ್ತಿ ಪದ ಹಿಡಿಸಬೇಕಿತ್ತು, ಹಿಡಿಸತ್ತೆ. ವರ್ಡ್‌ನಲ್ಲಿ ಅದರ ಬದಲು ಪ್ಯಾಲಟಿನೋ ಲೈನೋಟೈಪ್ ಹಾಕಿ ನೋಡಿ. ಅದೇ ವಾಕ್ಯ, ಆದರೆ ಪುಟ ಉಸಿರಾಡಿದ ಹಾಗೆ ಕಾಣತ್ತೆ. ಪ್ಯಾಲಟಿನೋ ಮಾಡಿದ ಹರ್ಮನ್ ಝಾಪ್ಫ್ ಜರ್ಮನಿಯ ಕ್ಯಾಲಿಗ್ರಫಿ ಕಲಾವಿದರು. ಹೆಸರಿಟ್ಟಿದ್ದು 16ನೇ ಶತಮಾನದ ಇಟಲಿಯ ಒಬ್ಬ ಬರವಣಿಗೆ ಮೇಷ್ಟ್ರ ಮೇಲೆ. ಅಗಲ ಮೂತಿಯ ಪೆನ್ನಲ್ಲಿ ಬರೆದರೆ ಗೆರೆಯ ದಿಕ್ಕು ಬದಲಾದ ಹಾಗೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಬರತ್ತಲ್ಲ, ಅದು ಆ ಫಾಂಟ್‌ನಲ್ಲಿ ಹಾಗೇ ಉಳಿದಿದೆ. ಅಕ್ಷರದ ತುದಿಯಲ್ಲಿ ಸೆರಿಫ್ ಅನ್ನೋ ಸಣ್ಣ ಪಾದ ಇದೆ, ಆದರೆ ಅದು ಸ್ಕೇಲ್ ಇಟ್ಟು ಎಳೆದ ಹಾಗಿಲ್ಲ. ಕೈ ಅಲ್ಲಿ ನಿಂತು ಹೋದ ಹಾಗಿದೆ.

ಕನ್ನಡದಲ್ಲಿ ಇದಕ್ಕೆ ಸಮಾನವಾದದ್ದು ಏನು? ಥಟ್ಟನೆ ಹೇಳೋ ಉತ್ತರ, "ನಮ್ಮ ತಲೆಕಟ್ಟೇ ಸೆರಿಫ್." ಕೇಳೋಕೆ ಚೆನ್ನಾಗಿದೆ, ಆದರೆ ತಪ್ಪು. ಇಂಗ್ಲಿಷ್‌ನಲ್ಲಿ ಸೆರಿಫ್ ತೆಗೆದರೂ ಅಕ್ಷರ ಅದೇ ಅಕ್ಷರ. ಕನ್ನಡದ ತಲೆಕಟ್ಟು ಅಲಂಕಾರ ಅಲ್ಲ, ಅದಕ್ಕೆ ಕೆಲಸ ಇದೆ. 'ವ'ಗೆ ತಲೆಕಟ್ಟು ಇದೆ. ಅದಕ್ಕೆ ಗುಡಿಸು ಕೊಟ್ಟು 'ವಿ' ಮಾಡಿ, ತಲೆಕಟ್ಟು ಹೋಯ್ತು, ಅದರ ಜಾಗಕ್ಕೆ ಗುಡಿಸು ಬಂತು. ಕೊಂಬು ಕೊಟ್ಟು 'ವು' ಮಾಡಿ, ತಲೆಕಟ್ಟು ಇದ್ದ ಹಾಗೇ ಇದೆ. 'ಲ', 'ಬ', 'ಜ', 'ಣ' ಥರದವಕ್ಕೆ ಮೊದಲಿಂದಲೇ ತಲೆಕಟ್ಟಿಲ್ಲ. ಅಂದರೆ ತಲೆಕಟ್ಟು ಅಕ್ಷರದ ವ್ಯಾಕರಣದಲ್ಲಿ ಸೇರಿದೆ. ಹಾಗಾಗಿ ಕನ್ನಡದಲ್ಲಿ 'ಸೆರಿಫ್' ಗುಣ ಅಂತ ಏನಾದರೂ ಇದ್ದರೆ ಅದು ಇರೋದು ಗೆರೆಯ ದಪ್ಪ-ಸಣ್ಣದಲ್ಲಿ. ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಇದು ಗೊತ್ತಾಗತ್ತೆ. ಎರಡರಲ್ಲೂ ತಲೆಕಟ್ಟು ಇದೆ. ವ್ಯತ್ಯಾಸ ಇರೋದು ಗೆರೆಯಲ್ಲಿ.

ಟೈರೋ ಕನ್ನಡ ಈ ಎರಡನೇ ಜಾತಿಯದ್ದು. ಕೆನಡಾದ ಟೈರೋ ಟೈಪ್‌ವರ್ಕ್ಸ್‌ನ ಜಾನ್ ಹಡ್ಸನ್ ಮತ್ತು ಭಾರತೀಯ ಲಿಪಿಗಳ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಬ್ರಿಟನ್ನಿನ ಫಿಯೋನಾ ರಾಸ್ ಇದರ ಹಿಂದಿದ್ದಾರೆ. ಇದು ಹುಟ್ಟಿದ್ದು ಮೂರ್ತಿ ಕ್ಲಾಸಿಕಲ್ ಲೈಬ್ರರಿ ಆಫ್ ಇಂಡಿಯಾ ಅನ್ನೋ ಪುಸ್ತಕ ಮಾಲೆಗೋಸ್ಕರ. ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್ 2015ರಿಂದ ತರ್ತಾ ಇರೋ ಮಾಲೆ ಅದು. ಎಡಗಡೆ ಪುಟದಲ್ಲಿ ಮೂಲ ಭಾಷೆ ಅದರದ್ದೇ ಲಿಪಿಯಲ್ಲಿ, ಬಲಗಡೆ ಇಂಗ್ಲಿಷ್ ಅನುವಾದ. ರಾಘವಾಂಕನ ಹರಿಶ್ಚಂದ್ರ ಕಾವ್ಯ 2017ರಲ್ಲಿ ವನಮಾಲಾ ವಿಶ್ವನಾಥ ಅವರ ಅನುವಾದದ ಜೊತೆ ಈ ಮಾಲೆಯಲ್ಲಿ ಬಂತು. ಯೋಚನೆ ಮಾಡಿ, ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್. ಕನ್ನಡದ ಪುಟ ಪೇಲವವಾಗಿ ಕಂಡರೆ ಇಡೀ ಪುಸ್ತಕದ ಮರ್ಯಾದೆ ಹೋಗತ್ತೆ. ಅಲ್ಲಿ "ಲೋಕಲ್ ಲುಕ್" ಅನ್ನೋ ಮಾತು ಯಾರ ಬಾಯಲ್ಲೂ ಬರಲ್ಲ, ಯಾಕಂದ್ರೆ ಎರಡಕ್ಕೂ ಒಂದೇ ಕಾಳಜಿ ತೋರಿಸಿದ್ದಾರೆ.

ಈಗ ಅದೇ ಫಾಂಟ್ ಗೂಗಲ್ ಫಾಂಟ್ಸ್‌ನಲ್ಲಿ ಫ್ರೀ ಆಗಿ ಸಿಗತ್ತೆ. ಓಪನ್ ಲೈಸೆನ್ಸ್. ಡೌನ್‌ಲೋಡ್ ಮಾಡೋಕೆ ಒಂದು ನಿಮಿಷ ಸಾಕು.

ನಮ್ಮೂರುಗಳ ಹೆಸರಲ್ಲೇ ಪರೀಕ್ಷೆ

ಫಾಂಟ್ ಚೆನ್ನಾಗಿದೆಯಾ ಅಂತ ನೋಡೋಕೆ ಇಂಗ್ಲಿಷ್‌ನಲ್ಲಿ ನರಿ ನಾಯಿ ಮೇಲೆ ಹಾರೋ ವಾಕ್ಯ ಟೈಪ್ ಮಾಡ್ತಾರೆ. ನಾವು ಅಷ್ಟು ದೂರ ಹೋಗೋದು ಬೇಡ. ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ದಿನಾ ನೋಡೋ ನಾಲ್ಕು ಹೆಸರು ಸಾಕು: ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ.

'ಕೋ' ನೋಡಿ. ಒಂದು ಕ, ಅದರ ಮೇಲೆ ಎತ್ವ, ಬಲಕ್ಕೆ ಕೊಂಬಿನ ಇಳಿ, ಅದರಾಚೆ ದೀರ್ಘ. ಕೆಟ್ಟ ಫಾಂಟ್‌ನಲ್ಲಿ ಆ ದೀರ್ಘ ಬೇರೆ ಊರಿಗೆ ಹೊರಟ ಹಾಗೆ ದೂರ ನಿಂತಿರತ್ತೆ. 'ಮಾಲೂರು'ನಲ್ಲಿ ಮಾ ಮತ್ತು ಲೂ ಎರಡೂ ಅಗಲ, ರು ಚಿಕ್ಕದು. ಮೂರೂ ಒಂದೇ ಪದದವು ಅಂತ ಕಾಣಬೇಕು. 'ಮುಳಬಾಗಿಲು'ನಲ್ಲಿ ತಲೆಕಟ್ಟು ಇರೋ ಅಕ್ಷರ, ಇಲ್ಲದ ಅಕ್ಷರ, ಗುಡಿಸು ಬಂದ ಅಕ್ಷರ ಮೂರೂ ಇವೆ. ಮೇಲಿನ ಗೆರೆ ಹಾವಿನ ಥರ ಏರಿಳಿಯಬಾರದು. ಕೊನೆಗೆ 'ಶ್ರೀನಿವಾಸಪುರ'. ನಾಲ್ಕರಲ್ಲಿ ಒತ್ತಕ್ಷರ ಇರೋದು ಇದೊಂದಕ್ಕೇ. ಆ ರ ಒತ್ತು ಶ-ಗೆ ಅಂಟಿಕೊಂಡ ಹಾಗೆ ಇದೆಯಾ, ಅಥವಾ ಕೆಳಗೆ ಯಾರೋ ಬೀಳಿಸಿ ಹೋದ ಹಾಗೆ ಇದೆಯಾ?

ಇದರಲ್ಲಿ ಪಾಸಾದರೆ ಮುಂದಿನ ಲೆವೆಲ್: ವಿದ್ಯಾರ್ಥಿ, ತಾಂತ್ರಿಕ, ರಾಷ್ಟ್ರೀಯ, ಸ್ವಾತಂತ್ರ್ಯ. ಕೊನೆಯದರಲ್ಲಿ 'ತ್ರ್ಯ' ಇದೆ, ಒಂದು ಅಕ್ಷರಕ್ಕೆ ಎರಡು ಒತ್ತು. ಟೈರೋ ಕನ್ನಡದಂಥ ಫಾಂಟ್‌ಗೂ ಸಿಕ್ಕಿದ್ದು ಹಾಕೋ ಫಾಂಟ್‌ಗೂ ವ್ಯತ್ಯಾಸ ಕಾಣೋದು ಇಲ್ಲೇ. ಒತ್ತು ಅಂದರೆ ಪೂರ್ತಿ ಅಕ್ಷರವನ್ನ ಮೆಷಿನ್‌ನಲ್ಲಿ ಚಿಕ್ಕದು ಮಾಡಿ ಕೆಳಗೆ ಇಟ್ಟಿದ್ದಲ್ಲ. ಹಾಗೆ ಚಿಕ್ಕದು ಮಾಡಿದರೆ ಗೆರೆಯೂ ಸಣ್ಣ ಆಗಿ, ಮೇಲಿನ ಅಕ್ಷರ ಕಪ್ಪಗೆ, ಒತ್ತು ಬೂದಿ ಬಣ್ಣದ ಹಾಗೆ ಕಾಣತ್ತೆ. ಒಳ್ಳೇ ಫಾಂಟ್‌ನಲ್ಲಿ ಒತ್ತನ್ನ ಬೇರೆಯಾಗಿಯೇ ಬರೆದಿರ್ತಾರೆ.

ಇದು ಬರೀ ಅಂದದ ಪ್ರಶ್ನೆ ಅಲ್ಲ. ನನ್ನ ಹಾಗೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಈ ಕ್ಯಾಂಪಸ್ಸಲ್ಲಿ ತುಂಬಾ ಇದ್ದೀವಿ. ನಾವು ಇಂಗ್ಲಿಷ್ ಪದವನ್ನ ಚಿತ್ರದ ಹಾಗೆ ಒಂದೇ ನೋಟಕ್ಕೆ ಓದ್ತೀವಿ, ಕನ್ನಡವನ್ನ ಅಕ್ಷರ ಅಕ್ಷರವಾಗಿ ಕೂಡಿಸ್ತೀವಿ. ಒತ್ತು ಸರಿಯಾಗಿ ಕಾಣದಿದ್ದರೆ ಅಲ್ಲೇ ನಿಲ್ತೀವಿ. ಮೂರು ಸಲ ನಿಂತರೆ ಓದೋದು ಬಿಟ್ಟು ಇನ್‌ಸ್ಟಾ ತೆಗೀತೀವಿ. ಆಮೇಲೆ "ಇವರಿಗೆ ಕನ್ನಡದ ಮೇಲೆ ಅಭಿಮಾನ ಇಲ್ಲ" ಅಂತ ಬೈಸಿಕೊಳ್ತೀವಿ. ಅಭಿಮಾನದ ವಿಷಯ ಆಮೇಲೆ ಮಾತಾಡೋಣ, ಮೊದಲು ಓದೋಕೆ ಆಗೋ ಹಾಗೆ ಅಚ್ಚು ಹಾಕಿ.

ಆಕಾರ ಕೊಡೋದು ಉಪಕರಣ

ಹಾಗಂತ ಎಲ್ಲಾ ಕಡೆ ಟೈರೋ ಕನ್ನಡ ಹಾಕಿ ಅಂತ ನಾನು ಹೇಳ್ತಿಲ್ಲ. ಹೇಳ್ತಿರೋದು ಅದರ ಉಲ್ಟಾ.

ಅಕ್ಷರಕ್ಕೆ ಆಕಾರ ಬರೋದು ಅದನ್ನ ಯಾವುದರಲ್ಲಿ, ಯಾವುದರ ಮೇಲೆ ಬರೀತೀವಿ ಅನ್ನೋದರಿಂದ. ನಮ್ಮ ಜಿಲ್ಲೆಯಲ್ಲೇ ಇದನ್ನ ಕಣ್ಣಾರೆ ನೋಡಬಹುದು. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ನೊಳಂಬರ ಕಾಲದ ಶಾಸನಗಳಿವೆ. ಕೋಲಾರಮ್ಮನ ಗುಡಿಯ ಗೋಡೆಗಳಲ್ಲಿ ಚೋಳರ ತಮಿಳು ಶಾಸನಗಳಿವೆ. ಬಿ.ಎಲ್. ರೈಸ್ ಈ ಜಿಲ್ಲೆಯ ಶಾಸನಗಳನ್ನೆಲ್ಲ ತಾಲ್ಲೂಕುವಾರು ಜೋಡಿಸಿ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೇ ಸಂಪುಟವಾಗಿ ತಂದರು. ಕಲ್ಲಿನಲ್ಲಿ ಉಳಿ ಹೇಗೆ ಹೋಗತ್ತೋ ಹಾಗೆ ಅಕ್ಷರ. ಓಲೆಗರಿಯಲ್ಲಿ ಕಂಠದ ಮೊನೆ ಗರಿಯನ್ನ ಸೀಳಬಾರದು, ಹಾಗಾಗಿ ದುಂಡಗೆ ಬರೆಯೋದು ಅನುಕೂಲ. ಆಮೇಲೆ ಸೀಸದ ಮೊಳೆ ಬಂತು, ಅದು ಹಾಳೆ ಮೇಲೆ ಒತ್ತಬೇಕು, ಸವೆಯಬಾರದು. ಈಗ ಸ್ಕ್ರೀನ್. ಲಿಪಿ ಅದೇ, ಪ್ರತಿ ಸಲ ಕೈಯಲ್ಲಿದ್ದ ಉಪಕರಣ ಬೇರೆ.

ನಾವು ಇಂಜಿನಿಯರಿಂಗ್ ಓದೋರು, ಟೂಲ್ ಮತ್ತು ಮೆಟೀರಿಯಲ್ ನೋಡದೆ ಡಿಸೈನ್ ಮಾಡಬಾರದು ಅಂತ ವರ್ಕ್‌ಶಾಪ್‌ನಲ್ಲಿ ಮೊದಲ ವರ್ಷವೇ ಹೇಳಿಕೊಟ್ಟಿದ್ದಾರೆ. ಅದನ್ನೇ ಇಲ್ಲಿ ಹಾಕಿ ನೋಡಿ. ದಪ್ಪ-ಸಣ್ಣ ಗೆರೆ ಇರೋ ಅಂದದ ಫಾಂಟ್ ಪೆನ್ನು ಮತ್ತು ಪುಟದ ಸಂತಾನ. ಅದನ್ನ ಲ್ಯಾಬಿನ ಲೇಸರ್ ಕಟರ್‌ಗೆ ಕೊಟ್ಟು ಅಕ್ರಿಲಿಕ್‌ನಲ್ಲಿ ಅಕ್ಷರ ಕತ್ತರಿಸಿದರೆ ಸಣ್ಣ ಗೆರೆ ಇರೋ ಕಡೆ ಮುರಿಯತ್ತೆ. ಸ್ಟಿಕರ್ ಕತ್ತರಿಸೋ ಮೆಷಿನ್‌ನಲ್ಲಿ ಆ ಜಾಗವೇ ಎದ್ದು ಬರತ್ತೆ. 3ಡಿ ಪ್ರಿಂಟರ್‌ನ ನಾಝಲ್ ಸಾಮಾನ್ಯವಾಗಿ 0.4 ಮಿಲಿಮೀಟರ್. ಅದಕ್ಕಿಂತ ಸಣ್ಣ ಗೆರೆ ಇದ್ದರೆ ಪ್ರಿಂಟೇ ಆಗಲ್ಲ, ಅಥವಾ ದಾರದ ಹಾಗೆ ಎದ್ದು ನಿಲ್ಲತ್ತೆ. ಸೆಮಿನಾರ್ ಹಾಲ್‌ನ ಪ್ರೊಜೆಕ್ಟರ್‌ನಲ್ಲಿ ಕೊನೇ ಬೆಂಚಿಂದ ನೋಡಿದರೆ ಸಣ್ಣ ಗೆರೆಗಳೆಲ್ಲ ಬೆಳಕಲ್ಲಿ ಕರಗಿ, ಅಕ್ಷರ ತುಂಡು ತುಂಡಾಗಿ ಕಾಣತ್ತೆ. ಶ್ರೀನಿವಾಸಪುರದ ಮಾವಿನ ಮಂಡಿ ಬೋರ್ಡನ್ನ ಓಡೋ ಲಾರಿಯಿಂದ ಓದಬೇಕು, ಅಲ್ಲೂ ಇದು ಬೇಡ. ಇಂಥ ಕಡೆಗೆಲ್ಲ ಬಲೂ ತಮ್ಮ ಅಥವಾ ಅನೇಕ್ ಕನ್ನಡದ ಥರ ಗೆರೆ ಹೆಚ್ಚು ಕಡಿಮೆ ಒಂದೇ ದಪ್ಪ ಇರೋ ಫಾಂಟ್ ಸರಿ.

ಟೈರೋ ಕನ್ನಡಕ್ಕೆ ಇನ್ನೊಂದು ಮಿತಿ ಇದೆ: ಬೋಲ್ಡ್ ಇಲ್ಲ. ವರ್ಡ್‌ನಲ್ಲಿ ಬೋಲ್ಡ್ ಬಟನ್ ಒತ್ತಿದರೆ ಸಾಫ್ಟ್‌ವೇರ್ ತಾನೇ ಅಂಚಿಗೆ ಮಸಿ ಬಳಿದು ದಪ್ಪ ಮಾಡತ್ತೆ, ಅಕ್ಷರದ ಒಳಗಿನ ಖಾಲಿ ಜಾಗ ಮುಚ್ಚಿ ಹೋಗತ್ತೆ. ತಲೆಬರಹಕ್ಕೆ ದಪ್ಪ ಬೇಕಾದರೆ ನೋಟೋ ಸೆರಿಫ್ ಕನ್ನಡ ತಗೊಳ್ಳಿ, ಅದರಲ್ಲಿ ತೆಳುವಿಂದ ಕಡುದಪ್ಪದವರೆಗೆ ಇದೆ. ಹಾಗೇ ಕನ್ನಡದಲ್ಲಿ ಇಟಾಲಿಕ್ ಅನ್ನೋ ಸಂಪ್ರದಾಯ ಇಲ್ಲ. ಅಕ್ಷರ ವಾಲಿಸಿದರೆ ಒತ್ತು ಕೊಟ್ಟ ಹಾಗಾಗಲ್ಲ, ಬಿದ್ದ ಹಾಗಾಗತ್ತೆ.

ಹಾಗಾದರೆ ಇದು ಎಲ್ಲಿಗೆ ಸರಿ? ಕೂತು ಓದೋ ಕಡೆಗೆ. ಕಥೆ, ಕವಿತೆ, ಉದ್ದದ ಲೇಖನ. ಕೈಯಲ್ಲಿ ಹಿಡಿದು ನೋಡೋ ಆಮಂತ್ರಣ ಪತ್ರಿಕೆ. ಹತ್ತು ವರ್ಷ ಫೈಲಲ್ಲಿ ಇಟ್ಟುಕೊಳ್ಳೋ ಸರ್ಟಿಫಿಕೇಟ್. ಪ್ರಾಜೆಕ್ಟ್ ರಿಪೋರ್ಟಲ್ಲಿ ಅಪ್ಪ ಅಮ್ಮನಿಗೆ ಕೃತಜ್ಞತೆ ಹೇಳೋ ಒಂದು ಪುಟವನ್ನ ಕನ್ನಡದಲ್ಲಿ ಹಾಕಬೇಕು ಅನಿಸಿದರೆ, ಅಲ್ಲಿಗೆ.

ನಮ್ಮ ಜಿಲ್ಲೆಯದ್ದೇ ಉದಾಹರಣೆ ಕೊಡ್ತೀನಿ. ಡಿ.ವಿ.ಜಿ. ಹುಟ್ಟಿದ್ದು 1887ರಲ್ಲಿ ಮುಳಬಾಗಿಲಿನಲ್ಲಿ. ಅವರ ಮಂಕುತಿಮ್ಮನ ಕಗ್ಗ 1943ರಲ್ಲಿ ಬಂತು. ಅದು ಇವತ್ತು ನಮಗೆಲ್ಲ ಸಿಗೋದು ಎಲ್ಲಿ? ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ, ಸೂರ್ಯೋದಯದ ಫೋಟೋ ಮೇಲೆ, ಹಳದಿ ಅಕ್ಷರಕ್ಕೆ ಕೆಂಪು ಅಂಚು, ಅದರ ಹಿಂದೆ ನೆರಳು. ಕಗ್ಗದ ಒಂದೊಂದು ಪದ್ಯದಲ್ಲೂ ನಾಲ್ಕು ಸಾಲು, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ. ನಾಲ್ಕೂ ಸಾಲನ್ನ ಬಿಳಿ ಹಾಳೆಯಲ್ಲಿ, ಒಳ್ಳೇ ಫಾಂಟ್‌ನಲ್ಲಿ, ಎಡಕ್ಕೆ ಸರಿಯಾಗಿ ಜೋಡಿಸಿ ನೋಡಿ. ಆ ಎರಡನೇ ಅಕ್ಷರಗಳು ಒಂದರ ಕೆಳಗೆ ಒಂದು ಕಂಬದ ಹಾಗೆ ಕಣ್ಣಿಗೆ ಬೀಳತ್ತೆ. ಛಂದಸ್ಸು ಗೊತ್ತಿಲ್ಲದವರಿಗೂ ಏನೋ ಒಂದು ಲೆಕ್ಕ ಇದೆ ಅಂತ ಗೊತ್ತಾಗತ್ತೆ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಸಣ್ಣಕತೆ ಆದರೆ ಬೇರೆ ಥರ. ಮನೆಯ ಹಿರಿಯರು ಜಗಲಿ ಮೇಲೆ ಕೂತು ಹೇಳಿದ ಹಾಗೆ ಇರೋ ಗದ್ಯ. ಅದಕ್ಕೆ ಫಾಂಟ್ ಕಾಣಲೇಬಾರದು, ಕತೆ ಮಾತ್ರ ಕಾಣಬೇಕು. ಒಳ್ಳೇ ಪುಸ್ತಕದ ಫಾಂಟ್ ಈ ಎರಡೂ ಕೆಲಸ ಮಾಡತ್ತೆ.

ಅಳತೆ ಪಟ್ಟಿಯಲ್ಲಿ ಸಿಗದ ಮರ್ಯಾದೆ

2024ರ ತಿದ್ದುಪಡಿ ಕಾಯ್ದೆ ಬಂದ ಮೇಲೆ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಒಳ್ಳೇದೇ. ಆದರೆ ಜಾಗವನ್ನ ಅಳೆಯಬಹುದು, ಕಾಳಜಿಯನ್ನ ಅಳೆಯೋಕಾಗಲ್ಲ. ಹೊಸ ಬೋರ್ಡ್‌ಗಳನ್ನ ಗಮನಿಸಿ. ಇಂಗ್ಲಿಷ್‌ಗೆ ಬ್ರ್ಯಾಂಡಿನದ್ದೇ ಫಾಂಟ್. ಕನ್ನಡವನ್ನ ಮಾತ್ರ ಅಡ್ಡಕ್ಕೆ ಎಳೆದು 60 ಭರ್ತಿ ಮಾಡಿರ್ತಾರೆ, ಒತ್ತಕ್ಷರ ಫ್ರೇಮಿಗೆ ತಾಗಿ ಅರ್ಧ ಕತ್ತರಿಸಿ ಹೋಗಿರತ್ತೆ. ಕಾನೂನು ಪಾಲಿಸಿದ ಹಾಗೂ ಆಯ್ತು, ಕನ್ನಡ ಬಂದಿದ್ದು ಇಷ್ಟ ಇಲ್ಲ ಅಂತ ಹೇಳಿದ ಹಾಗೂ ಆಯ್ತು.

ನಮ್ಮ ಕಡೆ ಈ ವಿಷಯಕ್ಕೆ ಇನ್ನೂ ಸ್ವಲ್ಪ ತೂಕ ಜಾಸ್ತಿ. ಕೋಲಾರದಲ್ಲಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು ಅಥವಾ ಉರ್ದು ಇರೋದು ಮಾಮೂಲು. ಗಡಿ ದಾಟಿ ಪಲಮನೇರಿಗೋ ಮದನಪಲ್ಲಿಗೋ ಹೋದರೆ ತೆಲುಗು ಬೋರ್ಡನ್ನ ಅರ್ಧ ಓದಿಬಿಡ್ತೀವಿ, ಯಾಕಂದ್ರೆ ಎರಡೂ ಲಿಪಿ ಒಂದೇ ಬೇರಿನವು. ತೆಲುಗಿನ ತಲಕಟ್ಟು ಟಿಕ್ ಮಾರ್ಕಿನ ಹಾಗೆ ಮೇಲೆ ಚಿಮ್ಮತ್ತೆ, ನಮ್ಮದು ಮಟ್ಟಸವಾಗಿ ಹೋಗಿ ತುದಿಯಲ್ಲಿ ತಿರುಗತ್ತೆ. ಇಂಥ ಜಾಗದಲ್ಲಿ ಕನ್ನಡ ಕಿರುಚಬೇಕಾಗಿಲ್ಲ. ನೆಟ್ಟಗೆ, ಲಕ್ಷಣವಾಗಿ, ಸಮಾಧಾನವಾಗಿ ಕಂಡರೆ ಸಾಕು, ಬೇರೆ ಮನೆಮಾತಿನವರೂ ನಿಂತು ಓದ್ತಾರೆ. ಮಾಸ್ತಿಯವರ ಮನೆಮಾತು ತಮಿಳು ಅನ್ನೋದನ್ನ ಮರೆಯೋದು ಬೇಡ.

"ಫಾಂಟ್ ಬಗ್ಗೆ ಇಷ್ಟೊಂದಾ? ಮೊದಲು ಕನ್ನಡದಲ್ಲಿ ಬರೆಯೋರು ಹುಟ್ಟಲಿ" ಅಂತ ಕೆಲವರು ಹೇಳಬಹುದು. ನಾನು ಕೇಳೋದು ಇಷ್ಟೇ. ರಾತ್ರಿ ಎರಡು ಗಂಟೆವರೆಗೆ ಕೂತು ಬರೆದ ಕವಿತೆಯನ್ನ ಒತ್ತು ಬಿಚ್ಚಿಹೋಗಿ 'ವಿದ್‌ಯಾರ್‌ಥಿ' ಅಂತ ಅಚ್ಚಾಗಿದ್ದು ನೋಡಿದವರು ಎರಡನೇ ಕವಿತೆ ಕೊಡ್ತಾರಾ? ಇದು ಸರಿಪಡಿಸೋಕಾಗದ ರೋಗವೂ ಅಲ್ಲ. ಹಳೇ ನುಡಿ, ಶ್ರೀಲಿಪಿ ಫೈಲುಗಳು ಯುನಿಕೋಡ್ ಅಲ್ಲದೇ ಇರೋದರಿಂದ ಬೇರೆ ಕಂಪ್ಯೂಟರ್‌ನಲ್ಲಿ ಕಸ ಆಗ್ತಿದ್ದವು. ಈಗ ಯುನಿಕೋಡ್‌ನಲ್ಲಿ ಟೈಪ್ ಮಾಡಿದರೆ ಅದಿಲ್ಲ. ಫೋಟೋಶಾಪ್‌ನಲ್ಲಿ ಒತ್ತು ಒಡೆದರೆ ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಇದೆ, ಆನ್ ಮಾಡಿ. ಮ್ಯಾಟ್‌ಪ್ಲಾಟ್‌ಲಿಬ್‌ನ ಹಳೇ ವರ್ಷನ್‌ಗಳಲ್ಲಿ ಕನ್ನಡ ಲೇಬಲ್ ಒಡೆಯೋದು ನಿಮ್ಮ ಕೋಡಿನ ತಪ್ಪಲ್ಲ, ಅಕ್ಷರ ಜೋಡಿಸೋ ಲೈಬ್ರರಿ ಅದರಲ್ಲಿ ಇರಲಿಲ್ಲ. ಪಿಲ್ಲೋದಲ್ಲಿ ರಾಕ್ಮ್ ಇದ್ದರೆ ಒತ್ತು ಸರಿಯಾಗಿ ಕೂರತ್ತೆ. ಇದೆಲ್ಲ ನಮ್ಮ ಸಿಲಬಸ್ಸಿನ ಪಕ್ಕದ್ದೇ ಕೆಲಸ. ಕನ್ನಡ ಮೇಷ್ಟ್ರು ಬಂದು ಮಾಡಿಕೊಡಲಿ ಅಂತ ಕಾಯೋ ಹಾಗಿಲ್ಲ.

ನಮ್ಮ ಸಂಘಕ್ಕೆ ನನ್ನ ಕೋರಿಕೆ ಮೂರು. ಒಂದು, ಪೋಸ್ಟರ್ ಕೆಲಸ ಶುರುವಾದ ದಿನವೇ ಕನ್ನಡದ ಫಾಂಟ್ ಮೊದಲು ಆರಿಸಿ, ಅದಕ್ಕೆ ಹೊಂದೋ ಇಂಗ್ಲಿಷ್ ಆಮೇಲೆ ಹುಡುಕಿ. ಎರಡು, ಸಾಲುಗಳ ನಡುವೆ ಇಂಗ್ಲಿಷ್‌ಗೆ ಬಿಡೋದಕ್ಕಿಂತ ಜಾಸ್ತಿ ಜಾಗ ಬಿಡಿ. ಕನ್ನಡ ಮೇಲೂ ಬೆಳೆಯತ್ತೆ, ಕೆಳಗೂ ಬೆಳೆಯತ್ತೆ. ಮೂರು, ಈ ಸಲದ ರಾಜ್ಯೋತ್ಸವದ ಸರ್ಟಿಫಿಕೇಟ್‌ಗಳಲ್ಲಿ ಹೆಸರುಗಳನ್ನ ಕನ್ನಡದಲ್ಲಿ, ಓದೋಕೆ ಚೆಂದ ಇರೋ ಒಂದು ಫಾಂಟ್‌ನಲ್ಲಿ ಹಾಕಿಸಿ. ಸ್ವಂತ ಹೆಸರನ್ನ ಹಾಲ್ ಟಿಕೆಟ್, ಐಡಿ ಕಾರ್ಡ್, ಜಿಮೇಲ್ ಎಲ್ಲಾ ಕಡೆ ಇಂಗ್ಲಿಷ್‌ನಲ್ಲೇ ನೋಡಿಕೊಂಡು ಬಂದಿರೋ ನಮ್ಮಲ್ಲಿ ಎಷ್ಟೋ ಜನಕ್ಕೆ, ಅದು ಕನ್ನಡದಲ್ಲಿ ಇಷ್ಟು ಲಕ್ಷಣವಾಗಿ ಕಾಣತ್ತೆ ಅನ್ನೋದೇ ಇನ್ನೂ ಗೊತ್ತಿಲ್ಲ.